ಓದುಗರ ಪ್ರಶ್ನೆಗಳು: ಸ್ಟೀಪಲ್‌ಚೇಸ್‌ನಲ್ಲಿ ಗಡಿಯಾರ ಮತ್ತು ಪದಕ

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ 3000 ಮೀಟರ್ ಸ್ಟೀಪಲ್‌ಚೇಸ್ (ತಡೆಗಳನ್ನೂ ನೀರಿನ ಗುಂಡಿಯನ್ನೂ ದಾಟುತ್ತ ಓಡುವ ಸ್ಪರ್ಧೆ) ಕುರಿತು ಅನೇಕ ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಟೋಕಿಯೊದಲ್ಲಿ ಚಿನ್ನ ಗೆದ್ದ ನ್ಯೂಜಿಲೆಂಡ್‌ನ ಜಾರ್ಡಿ ಬೀಮಿಷ್ ಅವರ ಸಮಯ 8 ನಿಮಿಷ 33.88 ಸೆಕೆಂಡು. ಭಾರತದ ಅವಿನಾಶ್ ಸಾಬ್ಳೆ ಅವರ ರಾಷ್ಟ್ರೀಯ ದಾಖಲೆ 8 ನಿಮಿಷ 09.91 ಸೆಕೆಂಡು. ಸಾಬ್ಳೆ ಗಾಯಗೊಳ್ಳದೆ ಅಲ್ಲಿ ಓಡಿದ್ದರೆ ಸುಮಾರು 24 ಸೆಕೆಂಡುಗಳ ಅಂತರದಿಂದ ಚಿನ್ನ ಗೆಲ್ಲುತ್ತಿದ್ದರು ಎಂದು ಹೇಳಬಹುದಲ್ಲವೇ?

ಉತ್ತರ: ನಿಮ್ಮ ಕಳೆಯುವ ಲೆಕ್ಕ ಸರಿ, ಆದರೆ ಅದರಿಂದ ತೆಗೆದ ತೀರ್ಮಾನವನ್ನು ಒಪ್ಪಲಾಗದು. ಎರಡು ಬೇರೆ ಬೇರೆ ಓಟಗಳ ಸಮಯವನ್ನು ಪಕ್ಕಪಕ್ಕದಲ್ಲಿಟ್ಟು ಅಳೆಯುವುದು ನೂರು ಮೀಟರ್ ಓಟದಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಅಲ್ಲಿ ಪ್ರತಿಯೊಬ್ಬರೂ ಪಿಸ್ತೂಲಿನ ಸದ್ದಿನಿಂದ ಕೊನೆಯ ಗೆರೆಯವರೆಗೆ ತಮ್ಮ ಪೂರ್ಣ ಶಕ್ತಿಯಿಂದಲೇ ಓಡುತ್ತಾರೆ. ದೊಡ್ಡ ಕೂಟದ ಸ್ಟೀಪಲ್‌ಚೇಸ್ ಫೈನಲ್‌ನಲ್ಲಿ ಹಾಗಿಲ್ಲ. ಅಲ್ಲಿ ಪದಕ ಸಿಗುವುದು ಸ್ಥಾನಕ್ಕೆ, ಸಮಯಕ್ಕಲ್ಲ. ಆದ್ದರಿಂದ ಮುಂದೆ ನಿಂತು ಗಾಳಿಯನ್ನು ಎದುರಿಸುತ್ತ ಉಳಿದವರಿಗೆ ದಾರಿ ಮಾಡಿಕೊಡಲು ಯಾರೂ ಮುಂದಾಗುವುದಿಲ್ಲ. ಎಲ್ಲರೂ ಗುಂಪಿನಲ್ಲಿ ಅಡಗಿ, ಶಕ್ತಿಯನ್ನು ಉಳಿಸಿಕೊಂಡು, ಕೊನೆಯ ಸುತ್ತಿನ ಗಂಟೆಗಾಗಿ ಕಾಯುತ್ತಾರೆ. ಡೈಮಂಡ್ ಲೀಗ್‌ನಂಥ ಒಂದು ದಿನದ ಕೂಟಗಳಲ್ಲಾದರೆ ವೇಗವನ್ನು ಕಾಯ್ದುಕೊಡುವುದಕ್ಕೆಂದೇ ಹಣ ಕೊಟ್ಟು ಕರೆಸಿದ ಪೇಸ್‌ಮೇಕರ್‌ಗಳು ಇರುತ್ತಾರೆ. ಸಾಬ್ಳೆ ಅವರ 8:09.91 ದಾಖಲಾದದ್ದು 2024ರ ಜುಲೈನಲ್ಲಿ ಪ್ಯಾರಿಸ್‌ನ ಡೈಮಂಡ್ ಲೀಗ್‌ನಲ್ಲಿ ಎಂಬುದನ್ನು ಗಮನಿಸಿ.

ನಿಮ್ಮ ಊಹೆಯನ್ನು ಪರೀಕ್ಷಿಸಲು ಬೇರೆಲ್ಲೂ ಹೋಗಬೇಕಾಗಿಲ್ಲ, ಸಾಬ್ಳೆ ಅವರೇ ಓಡಿದ ಒಂದು ಫೈನಲ್ ಇದೆ. 2022ರ ಜೂನ್‌ನಲ್ಲಿ ರಬಾತ್‌ನಲ್ಲಿ ಅವರು 8:12.48ರಲ್ಲಿ ಓಡಿ ಅಂದಿನ ರಾಷ್ಟ್ರೀಯ ದಾಖಲೆ ಬರೆದರು. ಮರು ತಿಂಗಳೇ ಅಮೆರಿಕದ ಯೂಜಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊರಾಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿ ಚಿನ್ನ ಗೆದ್ದದ್ದು 8:25.13ರಲ್ಲಿ. ನಿಮ್ಮ ಲೆಕ್ಕದಂತೆ ಸಾಬ್ಳೆ ಹನ್ನೆರಡು ಸೆಕೆಂಡು ಮುಂದಿರಬೇಕಿತ್ತು. ವಾಸ್ತವವಾಗಿ ಅವರು 8:31.75ರಲ್ಲಿ 11ನೆಯವರಾಗಿ ಬಂದರು. ಅವರು ಆ ದಿನ ಕೆಟ್ಟದಾಗಿ ಓಡಿದರು ಎಂದು ಇದರ ಅರ್ಥವಲ್ಲ. ಮೊದಲ ಎರಡು ಕಿಲೋಮೀಟರ್ ನಿಧಾನವಾಗಿ ಸಾಗಿದಾಗ ಹದಿನೈದು ಮಂದಿಯೂ ತಾಜಾ ಕಾಲುಗಳೊಂದಿಗೆ ಕೊನೆಯ ಸುತ್ತಿಗೆ ಬರುತ್ತಾರೆ, ಮತ್ತು ಅಲ್ಲಿಂದಾಚೆಗೆ ಅದು ಐದು ತಡೆಗಳಿರುವ 400 ಮೀಟರ್ ಓಟವಾಗಿಬಿಡುತ್ತದೆ. ಎಂಟು ನಿಮಿಷಗಳ ಕಾಲ ಒಂದೇ ಬಿರುಸಿನಲ್ಲಿ ಓಡಬಲ್ಲವನ ಸಾಮರ್ಥ್ಯಕ್ಕೆ ಅಂಥ ಓಟದಲ್ಲಿ ಬೆಲೆಯೇ ಬರುವುದಿಲ್ಲ. ಐವತ್ತು ಅರವತ್ತು ಸೆಕೆಂಡುಗಳ ಕಾಲ ಸಿಡಿಯಬಲ್ಲವನಿಗೆ ಎಲ್ಲ ಅನುಕೂಲವೂ ದಕ್ಕುತ್ತದೆ.

ಟೋಕಿಯೊದಲ್ಲೂ ಆದದ್ದು ಅದೇ, ಇನ್ನಷ್ಟು ಅತಿಯಾಗಿ. 1983ರಿಂದ ನಡೆದುಬಂದ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೇ ಅತ್ಯಂತ ನಿಧಾನದ ಗೆಲುವು ಅದು. ಕೊನೆಯ ನೇರದಾರಿಯಲ್ಲಿ ಮುಂದಿದ್ದ ಎಲ್ ಬಕ್ಕಾಲಿ ಅವರನ್ನು ಬೀಮಿಷ್ ಗೆರೆಯ ಸಮೀಪದಲ್ಲಿ ಹಿಂದಿಕ್ಕಿದರು. ಇಬ್ಬರ ನಡುವಿನ ಅಂತರ 0.07 ಸೆಕೆಂಡು. ಕಂಚು ಪಡೆದ ಕೆನ್ಯಾದ ಹದಿಹರೆಯದ ಓಟಗಾರ ಎಡ್ಮಂಡ್ ಸೆರೆಮ್ 8:34.56ರಲ್ಲಿ ಮುಗಿಸಿದರು. ಬೀಮಿಷ್ 2024ರಲ್ಲಿ ಗ್ಲಾಸ್ಗೊದಲ್ಲಿ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ 1500 ಮೀಟರ್ ಚಿನ್ನ ಗೆದ್ದವರು ಎಂಬುದು ನೆನಪಿದ್ದರೆ ಈ ಫಲಿತಾಂಶ ಅಷ್ಟು ಆಶ್ಚರ್ಯ ಹುಟ್ಟಿಸುವುದಿಲ್ಲ. ಅಂಥವರನ್ನು ಕೊನೆಯ ನೂರು ಮೀಟರಿನವರೆಗೆ ಜೊತೆಯಲ್ಲೇ ಬಿಟ್ಟುಕೊಂಡದ್ದು ಉಳಿದವರ ತಪ್ಪು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಸಾಬ್ಳೆ ಇದ್ದಿದ್ದರೆ ಏನಾಗಬಹುದಿತ್ತು? ಮುಂದೆ ನಿಂತು ಓಡಲು ಅವರು ಹೆದರುವವರಲ್ಲ; 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರು ಹಾಗೆಯೇ ಓಡಿ 8:19.50ರ ಕೂಟ ದಾಖಲೆಯೊಂದಿಗೆ ಚಿನ್ನ ಗೆದ್ದರು. ಟೋಕಿಯೊದಲ್ಲಿ ಮೊದಲ ಕಿಲೋಮೀಟರಿನಿಂದಲೇ ವೇಗ ಹೆಚ್ಚಿಸಿ ಓಟದ ಸ್ವರೂಪವನ್ನೇ ಬದಲಿಸುವ ಅವಕಾಶ ಅವರಿಗೆ ಇರುತ್ತಿತ್ತು. ಆದರೆ ಮುಂದಿರುವವನು ಎಳೆದುಕೊಂಡು ಹೋಗುವ ವೇಗದಲ್ಲಿ ಹಿಂದಿರುವವರೂ ಬರುತ್ತಾರೆ, ಮತ್ತು ಅವರಲ್ಲಿ ಅನೇಕರು 8:10ಕ್ಕಿಂತ ವೇಗವಾಗಿ ಓಡಿದವರು. ಪದಕಕ್ಕಾಗಿ ಸೆಣಸಬಹುದಿತ್ತು ಎಂದರೆ ಒಪ್ಪುತ್ತೇನೆ.

ಪ್ರಶ್ನೆ: ವಿಶ್ವದಾಖಲೆ ಹೊಂದಿರುವ ಇಥಿಯೋಪಿಯಾದ ಲಮೆಚಾ ಗಿರ್ಮಾ ಒಂದೂ ವಿಶ್ವ ಚಿನ್ನ ಗೆದ್ದಿಲ್ಲ ಎಂದು ಓದಿದೆ. ಇದು ನಿಜವೇ? ಜಗತ್ತಿನ ಅತಿ ವೇಗದ ಓಟಗಾರನೇ ಗೆಲ್ಲುವುದಿಲ್ಲವೆಂದರೆ ದಾಖಲೆಗೆ ಅರ್ಥವೇನು?

ಉತ್ತರ: ನಿಜ. ಗಿರ್ಮಾ 2023ರ ಜೂನ್ 9ರಂದು ಪ್ಯಾರಿಸ್‌ನಲ್ಲಿ 7:52.11ರಲ್ಲಿ ಓಡಿ, ಕತಾರ್‌ನ ಸೈಫ್ ಸಯೀದ್ ಶಹೀನ್ 2004ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಥಾಪಿಸಿದ್ದ 7:53.63ರ ದಾಖಲೆಯನ್ನು ಮುರಿದರು. ಸುಮಾರು 19 ವರ್ಷ ಅಲುಗಾಡದೆ ನಿಂತಿದ್ದ ದಾಖಲೆ ಅದು. 2011ರಲ್ಲಿ ಮೊನಾಕೊದಲ್ಲಿ ಕೆನ್ಯಾದ ಬ್ರಿಮಿನ್ ಕಿಪ್ರುಟೊ ಅದರಿಂದ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ದೂರದಲ್ಲಿ ನಿಂತಿದ್ದರು. ಇಷ್ಟಾದರೂ ಗಿರ್ಮಾ ಅವರಿಗೆ 2019ರ ದೋಹಾ, 2022ರ ಯೂಜಿನ್, 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಬೆಳ್ಳಿಯೇ ಸಿಕ್ಕಿತು. ದೋಹಾದಲ್ಲಿ ಕೆನ್ಯಾದ ಕಾನ್ಸೆಸ್ಲಸ್ ಕಿಪ್ರುಟೊ 8:01.35, ಗಿರ್ಮಾ 8:01.36. ಬುಡಾಪೆಸ್ಟ್‌ನಲ್ಲಂತೂ ದಾಖಲೆ ಬರೆದು ಮೂರು ತಿಂಗಳೂ ತುಂಬಿರಲಿಲ್ಲ. ಅಲ್ಲಿ ಎಲ್ ಬಕ್ಕಾಲಿ 8:03.53ರಲ್ಲಿ ಗೆದ್ದರೆ ಗಿರ್ಮಾ ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಅಂತರದಲ್ಲಿ ಹಿಂದುಳಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನ ಕೊನೆಯ ಸುತ್ತಿನಲ್ಲಿ ತಡೆಗೆ ತಾಗಿ ಬಿದ್ದ ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಬೇಕಾಯಿತು.

ಈ ವಿಷಯದಲ್ಲಿ ಅವರು ಒಬ್ಬಂಟಿಯೂ ಅಲ್ಲ. 1978ರಲ್ಲಿ 8:05.4ರ ದಾಖಲೆ ಬರೆದ ಕೆನ್ಯಾದ ಹೆನ್ರಿ ರೊನೊ ಅವರಿಗೆ ಬಹಿಷ್ಕಾರಗಳ ಕಾರಣದಿಂದ ಒಲಿಂಪಿಕ್ಸ್‌ನಲ್ಲಿ ಓಡಲೇ ಆಗಲಿಲ್ಲ. 1995ರಲ್ಲಿ ಜ್ಯೂರಿಕ್‌ನಲ್ಲಿ 7:59.18ರಲ್ಲಿ ಓಡಿ ಎಂಟು ನಿಮಿಷದ ಗಡಿಯನ್ನು ಮೊದಲು ದಾಟಿದ ಮೋಸೆಸ್ ಕಿಪ್ಟನುಯಿ ಮೂರು ವಿಶ್ವ ಚಿನ್ನ ಗೆದ್ದರೂ ಒಲಿಂಪಿಕ್ಸ್‌ನಲ್ಲಿ ಅವರಿಗೆ ದೊರೆತದ್ದು 1996ರ ಬೆಳ್ಳಿ ಮಾತ್ರ. ಕೆನ್ಯಾದಿಂದ ಕತಾರ್‌ಗೆ ಪೌರತ್ವ ಬದಲಿಸಿದ ಶಹೀನ್ 2003 ಮತ್ತು 2005ರ ವಿಶ್ವ ಚಾಂಪಿಯನ್ ಆಗಿದ್ದರೂ, ಪೌರತ್ವ ಬದಲಾವಣೆಯ ನಿಯಮದಡಿ ಕೆನ್ಯಾದ ಸಮ್ಮತಿ ಸಿಗದ ಕಾರಣ ತಮ್ಮ ಉತ್ತುಂಗದ ವರ್ಷವಾದ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ.

ದಾಖಲೆಗೆ ಅರ್ಥವಿದೆ: ಒಳ್ಳೆಯ ಹವೆ, ನಂಬಿಗಸ್ತ ಪೇಸ್‌ಮೇಕರ್‌ಗಳು, ಎಡೆಬಿಡದ ವೇಗ ಇವೆಲ್ಲ ಕೂಡಿಬಂದಾಗ ಒಂದು ದೇಹ ಎಷ್ಟು ಬೇಗ ಈ ದೂರವನ್ನು ಕ್ರಮಿಸಬಲ್ಲದು ಎಂಬುದನ್ನು ಅದು ಹೇಳುತ್ತದೆ. ಎದುರಾಳಿಯೊಬ್ಬ ಪಕ್ಕದಲ್ಲೇ ಉಸಿರುಬಿಡುತ್ತಿರುವಾಗ ಯಾವ ಕ್ಷಣದಲ್ಲಿ ಹೊರಬೀಳಬೇಕು ಎಂಬ ವಿವೇಕವನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಎಲ್ ಬಕ್ಕಾಲಿ ಆ ವಿವೇಕದಲ್ಲಿ ಈ ತಲೆಮಾರಿನ ಎಲ್ಲರಿಗಿಂತ ಮುಂದಿರುವವರು. ಎರಡು ಒಲಿಂಪಿಕ್ಸ್ ಚಿನ್ನ, ಎರಡು ವಿಶ್ವ ಚಿನ್ನ ಅವರ ಬಳಿ ಇವೆ, ವಿಶ್ವದಾಖಲೆ ಇಲ್ಲ. ಗಿರ್ಮಾ ಮತ್ತು ಎಲ್ ಬಕ್ಕಾಲಿ ಇವರಲ್ಲಿ ಯಾರು ದೊಡ್ಡ ಓಟಗಾರ ಎಂದು ಕೇಳಿದರೆ ನಾನು ಹಿಂಜರಿಯದೆ ಎಲ್ ಬಕ್ಕಾಲಿ ಹೆಸರನ್ನೇ ಹೇಳುತ್ತೇನೆ.

ಪ್ರಶ್ನೆ: ಟಿ.ವಿ.ಯಲ್ಲಿ ಕೆಲವರು ತಡೆಯ ಮೇಲೆ ಕಾಲಿಟ್ಟು ಹಾರುತ್ತಾರೆ, ಕೆಲವರು ತಾಗದೆಯೇ ದಾಟುತ್ತಾರೆ. ಕಾಲಿಡುವುದು ನಿಯಮಬಾಹಿರವಲ್ಲವೇ? ಹರ್ಡಲ್ಸ್‌ನಲ್ಲಿ ಬೀಳುವಂತೆ ಈ ತಡೆಗಳೇಕೆ ಬೀಳುವುದಿಲ್ಲ?

ಉತ್ತರ: ಕಾಲಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಕೈ ಊರಿ ದಾಟಿದರೂ ನಡೆಯುತ್ತದೆ. ತಡೆಯ ಪಕ್ಕದಿಂದ ನುಸುಳುವುದು, ದಾಟುವಾಗ ಕಾಲನ್ನು ತಡೆಯ ಹೊರಬದಿಯಲ್ಲಿ ಅದರ ಮೇಲ್ಮಟ್ಟಕ್ಕಿಂತ ಕೆಳಗೆ ಹಾಯಿಸುವುದು, ನೀರಿನ ಗುಂಡಿಯ ಪಕ್ಕದಲ್ಲಿ ಕಾಲಿಡುವುದು ಇವು ಅನರ್ಹತೆಗೆ ಕಾರಣಗಳು.

ಪುರುಷರ ತಡೆಯ ಎತ್ತರ 91.4 ಸೆಂಟಿಮೀಟರ್. ಪುರುಷರ 400 ಮೀಟರ್ ಹರ್ಡಲ್ಸ್‌ನ ಎತ್ತರವೂ ಇಷ್ಟೇ. ಆದರೆ ಹರ್ಡಲ್ಸ್‌ನ ತಡೆ ಒಬ್ಬನೇ ಓಟಗಾರನಿಗೆ ಮೀಸಲಾದದ್ದು, ತಾಗಿದರೆ ಮಗುಚಿಕೊಳ್ಳುವಂಥದ್ದು. ಸ್ಟೀಪಲ್‌ಚೇಸ್‌ನ ತಡೆ ಸುಮಾರು ನಾಲ್ಕು ಮೀಟರ್ ಅಗಲವಿದ್ದು ಹಲವರು ಏಕಕಾಲಕ್ಕೆ ದಾಟಬೇಕಾದದ್ದು. 80ರಿಂದ 100 ಕಿಲೋಗ್ರಾಂ ತೂಗುತ್ತದೆ. ಅದರ ಮೇಲಿನ ಮರದ ತೊಲೆ 12.7 ಸೆಂಟಿಮೀಟರ್ ಚೌಕದ್ದು. ಮೊಣಕಾಲು ತಾಗಿದರೆ ಮಣಿಯಬೇಕಾದದ್ದು ಓಟಗಾರನೇ. ಇದೇ ಕಾರಣಕ್ಕೆ ಅನುಭವಿ ಓಟಗಾರರೂ ದಣಿದಾಗ ತಡೆಯ ಮೇಲೆ ಕಾಲಿಟ್ಟೇ ದಾಟುತ್ತಾರೆ. ಅದು ತುಸು ನಿಧಾನ, ಆದರೆ ಸುರಕ್ಷಿತ.

ನೀರಿನ ತಡೆಯ ಲೆಕ್ಕವೇ ಬೇರೆ. ತಡೆಯ ಆಚೆಗಿನ ಗುಂಡಿಯ ಉದ್ದ 3.66 ಮೀಟರ್, ತಡೆಯ ಬುಡದಲ್ಲಿ ಅತ್ಯಂತ ಆಳವಾಗಿದ್ದು, ಅಲ್ಲಿಂದ ಇಳಿಜಾರಾಗಿ ಮೇಲೇರುತ್ತ ಟ್ರ್ಯಾಕಿನ ಮಟ್ಟಕ್ಕೆ ಬಂದು ಸೇರುತ್ತದೆ. ದೂರ ಹಾರಿದಷ್ಟೂ ನೀರು ಕಡಿಮೆ. ಆದ್ದರಿಂದ ಇಲ್ಲಿ ಬಹುತೇಕ ಎಲ್ಲರೂ ತೊಲೆಯ ಮೇಲೆ ಒಂದು ಕಾಲಿಟ್ಟು, ಅದನ್ನೇ ಮೆಟ್ಟುಗಲ್ಲಾಗಿಸಿಕೊಂಡು ಮುಂದಕ್ಕೆ ಚಿಮ್ಮಿ, ಒಂದು ಕಾಲನ್ನು ಗುಂಡಿಯ ತೆಳುನೀರಿನಲ್ಲಿಯೂ ಇನ್ನೊಂದನ್ನು ಒಣ ಟ್ರ್ಯಾಕಿನ ಮೇಲೆಯೂ ಇಡುವಂತೆ ಲೆಕ್ಕ ಹಾಕುತ್ತಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಅಮೋಸ್ ಬಿವೊಟ್ ಇಡೀ ಗುಂಡಿಯನ್ನೇ ಹಾರಿ ಕಾಲು ನೆನೆಯದಂತೆ ಆಚೆ ಇಳಿಯುತ್ತಿದ್ದರು. ತರಬೇತುದಾರರ ಕಣ್ಣಿಗೆ ಅದು ಶಕ್ತಿಯ ದುಂದುವೆಚ್ಚ. ಚಿನ್ನ ಮಾತ್ರ ಅವರಿಗೇ ಬಂತು.

ಒಟ್ಟು ಓಟದಲ್ಲಿ 28 ಸಾಮಾನ್ಯ ತಡೆಗಳು, ಏಳು ನೀರಿನ ತಡೆಗಳು. ಇವು ಎಷ್ಟು ಸಮಯವನ್ನು ಕಬಳಿಸುತ್ತವೆ ಎಂಬುದಕ್ಕೆ ಒಂದು ಸರಳ ಅಂದಾಜು ಹೀಗಿದೆ: ತಡೆಗಳಿಲ್ಲದ 3000 ಮೀಟರ್ ಓಟದಲ್ಲಿ ನಾರ್ವೆಯ ಯಾಕೊಬ್ ಇಂಗೆಬ್ರಿಟ್ಸನ್ 2024ರಲ್ಲಿ ಬರೆದ ವಿಶ್ವದಾಖಲೆ 7:17.55. ಗಿರ್ಮಾ ಅವರ ದಾಖಲೆಗೂ ಇದಕ್ಕೂ ಇರುವ ವ್ಯತ್ಯಾಸ 34.56 ಸೆಕೆಂಡು. ತಡೆಗಳು 35, ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು ಎಂದಾಯಿತು. ಇಬ್ಬರು ಬೇರೆ ಬೇರೆ ಓಟಗಾರರನ್ನು ಹೋಲಿಸಿದ ಒರಟು ಲೆಕ್ಕವಿದು ಎಂಬುದು ನಿಜ, ಆದರೂ ತಡೆ ದಾಟುವ ಕಲೆಯಲ್ಲಿ ಸ್ವಲ್ಪ ಸುಧಾರಿಸಿದರೆ ಎಷ್ಟು ಉಳಿಸಬಹುದು ಎಂಬುದು ಇದರಿಂದ ತಿಳಿಯುತ್ತದೆ. ಪ್ರತಿ ತಡೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಸಿದವನಿಗೆ ಕೊನೆಯಲ್ಲಿ ಮೂರೂವರೆ ಸೆಕೆಂಡು ಸಿಗುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಸಮಯ 8:06.47ಕ್ಕೂ ಸಾಬ್ಳೆ ಅವರ ಶ್ರೇಷ್ಠ ಸಮಯಕ್ಕೂ ನಡುವೆ ಇರುವ ಅಂತರ ಬಹುತೇಕ ಅಷ್ಟೇ.

ಪ್ರಶ್ನೆ: 400 ಮೀಟರ್ ಟ್ರ್ಯಾಕಿನಲ್ಲಿ 3000 ಮೀಟರ್ ಎಂದರೆ ಏಳೂವರೆ ಸುತ್ತು. ಹಾಗಾದರೆ ಪ್ರಾರಂಭ ಎದುರು ಬದಿಯಲ್ಲಿ ಇರಬೇಕಲ್ಲವೇ? ಬೇರೆ ಬೇರೆ ಕ್ರೀಡಾಂಗಣಗಳಲ್ಲಿ ಪ್ರಾರಂಭದ ಜಾಗ ಬೇರೆ ಬೇರೆ ಏಕೆ?

ಉತ್ತರ: ನೀರಿನ ಗುಂಡಿ ಟ್ರ್ಯಾಕಿನ ತಿರುವಿನ ಒಳಗೆ ಇದೆಯೋ ಹೊರಗೆ ಇದೆಯೋ ಎಂಬುದರ ಮೇಲೆ ಸುತ್ತಿನ ಉದ್ದ ಬದಲಾಗುತ್ತದೆ. ಒಳಗಿದ್ದರೆ ಸುಮಾರು 396 ಮೀಟರ್, ಹೊರಗಿದ್ದರೆ ಸುಮಾರು 419 ಮೀಟರ್. ಎರಡರಲ್ಲೂ ಓಡಬೇಕಾದದ್ದು ಏಳು ಪೂರ್ಣ ಸುತ್ತುಗಳು. ಒಟ್ಟು 3000ಕ್ಕೆ ಉಳಿಯುವ ದೂರವನ್ನು ಆರಂಭದಲ್ಲೇ ತಡೆಗಳಿಲ್ಲದೆ ಓಡಿಸಲಾಗುತ್ತದೆ. ಮೊದಲನೆಯದರಲ್ಲಿ ಆ ಉಳಿಕೆ 225 ಮೀಟರಿಗೂ ತುಸು ಹೆಚ್ಚು, ಎರಡನೆಯದರಲ್ಲಿ 65 ಮೀಟರಿನಷ್ಟು. ಪ್ರತಿ ಸುತ್ತಿನಲ್ಲಿ ಐದು ತಡೆಗಳಿದ್ದು, ನಾಲ್ಕನೆಯದು ನೀರಿನದು. ಕೊನೆಯ ಸುತ್ತಿನಲ್ಲಿ ನೀರಿನ ತಡೆಯ ನಂತರ ಒಂದೇ ತಡೆ ಉಳಿಯುತ್ತದೆ ಎಂಬುದನ್ನು ಓಟಗಾರರೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ದೊಡ್ಡ ಫೈನಲ್‌ಗಳು ಬಹಳಷ್ಟು ಬಾರಿ ತೀರ್ಮಾನವಾಗುವುದು ಈ ಎರಡು ತಡೆಗಳ ನಡುವೆ.

ಪ್ರಶ್ನೆ: ಬಿದ್ದವರಿಗೆ ಮತ್ತೆ ಅವಕಾಶ ಕೊಡುತ್ತಾರೆಯೇ? ಇನ್ನೊಬ್ಬರು ತಳ್ಳಿದ್ದರಿಂದ ಬಿದ್ದರೆ ನ್ಯಾಯ ಸಿಗುವುದು ಹೇಗೆ?

ಉತ್ತರ: ಬಿದ್ದವರು ಎದ್ದು ಓಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬೀಮಿಷ್ ಅವರೇ ಟೋಕಿಯೊದ ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಅರ್ಹತಾ ಓಟದಲ್ಲಿ) ಬಿದ್ದು, ಹಿಂದಿನಿಂದ ಬಂದ ಓಟಗಾರನ ಸ್ಪೈಕ್ ಮುಖಕ್ಕೆ ತಾಗಿ ಗಾಯಗೊಂಡರೂ ಎದ್ದು ಓಡಿ ಫೈನಲ್ ತಲುಪಿದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಫ್ರಾಂಕ್ ಬೌಮ್‌ಗಾರ್ಟ್ಲ್ ಚಿನ್ನಕ್ಕಾಗಿ ಸ್ವೀಡನ್ನಿನ ಆಂಡೆರ್ಸ್ ಯೆರ್ಡರುಡ್ ಬೆನ್ನಿಗೇ ಇದ್ದಾಗ ಕಟ್ಟಕಡೆಯ ತಡೆಗೆ ತಾಗಿ ಬಿದ್ದರು. ಆದರೂ ಎದ್ದು ಕಂಚು ಗೆದ್ದರು. ಯೆರ್ಡರುಡ್ ಅಂದು ವಿಶ್ವದಾಖಲೆಯನ್ನೇ ಬರೆದರು. ಅಮೆರಿಕದ ಕೆನೆತ್ ರೂಕ್ಸ್ 2023ರ ತಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಭಾಗದಲ್ಲೇ ಬಿದ್ದು ಎಲ್ಲರಿಗಿಂತ ಹಿಂದಾಗಿ, ಆಮೇಲೆ ಎಲ್ಲರನ್ನೂ ದಾಟಿ ಗೆದ್ದರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಸುತ್ತಿನ ಆರಂಭದಲ್ಲೇ ಮುನ್ನುಗ್ಗಿ 8:06.41ರಲ್ಲಿ ಬೆಳ್ಳಿ ಪಡೆದರು.

ಇನ್ನೊಬ್ಬರಿಂದ ಅಡ್ಡಿಯಾಗಿದ್ದರೆ ತಂಡದವರು ರೆಫರಿಗೆ ದೂರು ಕೊಡಬಹುದು. ಅಲ್ಲಿ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಹೀಟ್ಸ್‌ನಲ್ಲಿ ಹೀಗಾದರೆ ಪರಿಹಾರ ಸುಲಭ, ಅಡ್ಡಿಗೊಳಗಾದವರನ್ನು ಫೈನಲ್‌ಗೆ ಸೇರಿಸಬಹುದು. 2019ರ ದೋಹಾ ಹೀಟ್ಸ್‌ನಲ್ಲಿ ಮುಂದಿನವರು ಎಡವಿ ಬಿದ್ದದ್ದರಿಂದ ಸಾಬ್ಳೆ ಅವರ ದಾರಿ ಕಟ್ಟಿಹೋಗಿ ಅವರು ಫೈನಲ್ ತಪ್ಪಿಸಿಕೊಂಡಿದ್ದರು. ಭಾರತದ ದೂರು ಮಾನ್ಯವಾಗಿ ಫೈನಲ್‌ನಲ್ಲಿ ಓಡಿದರು, ಮತ್ತು 8:21.37ರ ರಾಷ್ಟ್ರೀಯ ದಾಖಲೆಯೊಂದಿಗೆ 13ನೆಯವರಾದರು.

ಫೈನಲ್‌ನಲ್ಲಿ ಪರಿಹಾರ ಅಷ್ಟು ಸುಲಭವಲ್ಲ, ಏಕೆಂದರೆ ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬ್ರಾಷರ್ ಮೊದಲಿಗರಾಗಿ ಬಂದರೂ, ನಾರ್ವೆಯ ಅರ್ನ್‌ಸ್ಟ್ ಲಾರ್ಸನ್ ಅವರಿಗೆ ತಡೆಯೊಂದರ ಬಳಿ ಅಡ್ಡಿ ಮಾಡಿದರೆಂದು ಅನರ್ಹಗೊಂಡರು. ಗಂಟೆಗಳ ಕಾಲ ವಿಚಾರಣೆ ನಡೆಯಿತು. ಅನರ್ಹತೆ ಉಳಿದಿದ್ದರೆ ತಮಗೆ ಚಿನ್ನವೇ ಬರುತ್ತಿದ್ದ ಹಂಗೆರಿಯ ಶಾಂಡೋರ್ ರೊಜ್‌ನ್ಯೋಯಿ ಮತ್ತು ಸ್ವತಃ ಲಾರ್ಸನ್ ಇಬ್ಬರೂ ಬ್ರಾಷರ್ ಪರವಾಗಿಯೇ ನಿಂತರು. ಚಿನ್ನ ಬ್ರಾಷರ್ ಅವರಿಗೇ ಉಳಿಯಿತು. ಇಂದಿನ ಫೈನಲ್‌ಗಳಲ್ಲಿ ಇಂಥದ್ದನ್ನು ಊಹಿಸಿಕೊಳ್ಳುವುದು ಕಷ್ಟ.

ಅದಕ್ಕೆ ಫ್ರಾನ್ಸಿನ ಮಹಿಯೆದೀನ್ ಮೆಖಿಸ್ಸಿ ಅವರ ಕಥೆ ಸಾಕು. 2014ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕೊನೆಯ ನೇರದಾರಿಯಲ್ಲೇ ಸಂತೋಷದಿಂದ ಬನಿಯನ್ ಕಳಚಿ ಓಡಿ ಗೆದ್ದ ಅವರನ್ನು ಸ್ಪೇನ್ ತಂಡದ ದೂರಿನ ಮೇಲೆ ಅನರ್ಹಗೊಳಿಸಲಾಯಿತು. ಎರಡು ವರ್ಷಗಳ ನಂತರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾಗಿ ಬಂದಾಗ, ಮೂರನೆಯವರಾಗಿದ್ದ ಕೆನ್ಯಾದ ಎಜೆಕಿಯಲ್ ಕೆಂಬೊಯ್ ಟ್ರ್ಯಾಕಿನ ಒಳಗೆರೆಯಾಚೆ ಕಾಲಿಟ್ಟಿದ್ದಾರೆಂದು ಫ್ರಾನ್ಸ್ ದೂರು ಕೊಟ್ಟಿತು, ಕಂಚು ಮೆಖಿಸ್ಸಿ ಅವರಿಗೆ ಬಂತು. 2012ರ ಲಂಡನ್ನಿನಲ್ಲಿ ಚಿನ್ನ ಗೆದ್ದ ಕೆಂಬೊಯ್ ಅವರನ್ನು ಬೆಳ್ಳಿ ಗೆದ್ದ ಇದೇ ಮೆಖಿಸ್ಸಿ ಎತ್ತಿಕೊಂಡು ಸಂಭ್ರಮಿಸಿದ್ದರು.

ಅಂದ ಹಾಗೆ, ಅಡ್ಡಿ ಮಾಡುವವರು ಓಟಗಾರರೇ ಆಗಿರಬೇಕೆಂದಿಲ್ಲ. 2022ರ ಯೂಜಿನ್ ಫೈನಲ್ ನಡೆಯುತ್ತಿದ್ದಾಗ ಛಾಯಾಗ್ರಾಹಕರೊಬ್ಬರು ಬೇರೆ ಸ್ಪರ್ಧೆಯನ್ನು ಚಿತ್ರೀಕರಿಸುತ್ತ ಟ್ರ್ಯಾಕಿನ ಮೇಲೆಯೇ ನಿಂತುಬಿಟ್ಟಿದ್ದರು. ಓಟಗಾರರು ಎರಡು ಪಾಲಾಗಿ ಅವರ ಆಚೀಚೆಯಿಂದ ಹಾದುಹೋದರು.

ಪ್ರಶ್ನೆ: ಸ್ಟೀಪಲ್‌ಚೇಸ್ ಎಂದರೆ ಕೆನ್ಯಾ ಎಂದು ಕೇಳುತ್ತ ಬೆಳೆದವರು ನಾವು. ಈಗ ಕೆನ್ಯಾ ಏಕೆ ಗೆಲ್ಲುತ್ತಿಲ್ಲ?

ಉತ್ತರ: 1968ರಿಂದ 2016ರವರೆಗೆ ಕೆನ್ಯಾ ಭಾಗವಹಿಸಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಈ ಓಟದ ಚಿನ್ನ ಅದಕ್ಕೇ ಸಂದಿತು. ಬಹಿಷ್ಕಾರದಿಂದ ಗೈರುಹಾಜರಾದ 1976 ಮತ್ತು 1980 ಮಾತ್ರ ಅಪವಾದ. 1972ರಲ್ಲಿ ಮ್ಯೂನಿಕ್‌ನಲ್ಲಿ ಗೆದ್ದ ಕಿಪ್ ಕೈನೊ ಅವರಿಗೆ ಈ ಓಟದಲ್ಲಿ ಹೆಚ್ಚಿನ ಅನುಭವವೇ ಇರಲಿಲ್ಲ. 1992 ಮತ್ತು 2004ರಲ್ಲಿ ಮೂರೂ ಪದಕಗಳು ಕೆನ್ಯಾದವರ ಪಾಲಾದವು. ಇಂದು ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೊಗೆ ಅವರ ತರಬೇತುದಾರರಾಗಿ ಹೆಸರಾಗಿರುವ ಪ್ಯಾಟ್ರಿಕ್ ಸಾಂಗ್ 1992ರಲ್ಲಿ ಬೆಳ್ಳಿ ಗೆದ್ದವರು. ಕೆಂಬೊಯ್ 2009ರಿಂದ 2015ರವರೆಗೆ ಸತತ ನಾಲ್ಕು ವಿಶ್ವ ಚಿನ್ನ ಗೆದ್ದರು.

ಕೆನ್ಯಾದವರು ಬಾಲ್ಯದಲ್ಲಿ ಹಳ್ಳಕೊಳ್ಳಗಳನ್ನು ಜಿಗಿದು ಶಾಲೆಗೆ ಹೋಗುತ್ತಿದ್ದರಿಂದ ಈ ಓಟ ಅವರಿಗೆ ಒಲಿಯಿತು ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಹಳ್ಳ ಜಿಗಿಯುವ ಮಕ್ಕಳು ಜಗತ್ತಿನ ಎಲ್ಲೆಡೆ ಇದ್ದಾರೆ. ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿರುವ ರಿಫ್ಟ್ ಕಣಿವೆಯ ಪ್ರದೇಶದಲ್ಲಿ ದೂರದ ಓಟಗಾರರ ದೊಡ್ಡ ಪಡೆಯೇ ಇದ್ದದ್ದು, ಬೇರೆ ದೇಶಗಳ ಒಳ್ಳೆಯ ಓಟಗಾರರು ಈ ಕಷ್ಟದ ಓಟವನ್ನು ಬಿಟ್ಟು 1500 ಅಥವಾ 5000 ಮೀಟರ್ ಆರಿಸಿಕೊಳ್ಳುತ್ತಿದ್ದದ್ದು, ಒಂದು ತಲೆಮಾರು ಗೆದ್ದದ್ದನ್ನು ನೋಡಿ ಇನ್ನೊಂದು ತಲೆಮಾರು ಅದೇ ಓಟಕ್ಕೆ ಇಳಿದದ್ದು ಇವು ಹೆಚ್ಚು ಸಮಂಜಸವಾದ ಕಾರಣಗಳು. ಇದಕ್ಕೆ ಸೇರಿದಂತೆ ಅವರಿಗೊಂದು ಯುದ್ಧತಂತ್ರವೂ ಇತ್ತು: ಮೂರು ಮಂದಿ ಸರದಿಯಂತೆ ಮುಂದೆ ಬಂದು ವೇಗ ಹೆಚ್ಚಿಸುತ್ತ ಉಳಿದವರನ್ನು ಮುಂಚೆಯೇ ದಣಿಸಿಬಿಡುತ್ತಿದ್ದರು. ಓಟ ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಸ್ಪರ್ಧೆ ಕೆನ್ಯಾದವರ ನಡುವೆಯೇ ಉಳಿಯುತ್ತಿತ್ತು.

ಆ ಒಗ್ಗಟ್ಟಿನ ಓಟ ಇತ್ತೀಚಿನ ಫೈನಲ್‌ಗಳಲ್ಲಿ ಕಾಣುತ್ತಿಲ್ಲ. 2021ರಲ್ಲಿ ಎಲ್ ಬಕ್ಕಾಲಿ 8:08.90ರಲ್ಲಿ ಗೆದ್ದು ಒಂಬತ್ತು ಒಲಿಂಪಿಕ್ಸ್‌ಗಳ ಸರಪಳಿಯನ್ನು ಕಡಿದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2019ರ ನಂತರ ಕೆನ್ಯಾಗೆ ಚಿನ್ನವಿಲ್ಲ. ಇಥಿಯೋಪಿಯಾ, ಮೊರಾಕ್ಕೊ ಬಲಗೊಂಡದ್ದು ಒಂದು ಕಾರಣವಾದರೆ, ರಸ್ತೆ ಓಟಗಳಲ್ಲಿನ ಹಣ ಯುವಕರನ್ನು ಟ್ರ್ಯಾಕಿನಿಂದ ಬೇಗ ಸೆಳೆದುಕೊಳ್ಳುತ್ತಿರುವುದು ಇನ್ನೊಂದು. ಯಾರೂ ವೇಗ ಹೆಚ್ಚಿಸದ ನಿಧಾನದ ಫೈನಲ್‌ಗಳಲ್ಲಿ ಹೊರಗಿನವರಿಗೂ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಬೀಮಿಷ್ ಉದಾಹರಣೆ. 1987ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಪನೆಟ್ಟಾ ಗೆದ್ದ ನಂತರ ಆಫ್ರಿಕಾದಲ್ಲಿ ಹುಟ್ಟದ ಯಾರೂ ಈ ವಿಶ್ವ ಚಿನ್ನವನ್ನು ಮುಟ್ಟಿರಲಿಲ್ಲ.

ಪ್ರಶ್ನೆ: ಮಹಿಳೆಯರ ಸ್ಟೀಪಲ್‌ಚೇಸ್ ದೂರವೂ 3000 ಮೀಟರೇ? ತಡೆಗಳೂ ಅವೇ?

ಉತ್ತರ: ದೂರ, ತಡೆಗಳ ಸಂಖ್ಯೆ, ನೀರಿನ ಗುಂಡಿ ಎಲ್ಲವೂ ಒಂದೇ, ಎತ್ತರ ಮಾತ್ರ 76.2 ಸೆಂಟಿಮೀಟರ್. ವಿಶ್ವ ಚಾಂಪಿಯನ್‌ಷಿಪ್‌ಗೆ ಇದು 2005ರಲ್ಲಿ, ಒಲಿಂಪಿಕ್ಸ್‌ಗೆ 2008ರಲ್ಲಿ ಸೇರಿತು.

ಪ್ರಶ್ನೆ: ಒಲಿಂಪಿಕ್ಸ್ ಫೈನಲ್ ಒಂದರಲ್ಲಿ ಓಟಗಾರರು ಒಂದು ಸುತ್ತು ಹೆಚ್ಚು ಓಡಿದರಂತೆ. ಇದು ಕಟ್ಟುಕಥೆಯೇ?

ಉತ್ತರ: ಕಟ್ಟುಕಥೆಯಲ್ಲ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸುತ್ತು ಎಣಿಸಬೇಕಾದ ಅಧಿಕಾರಿಯ ಪ್ರಮಾದದಿಂದ ಎಲ್ಲರೂ ಸುಮಾರು 3460 ಮೀಟರ್ ಓಡಬೇಕಾಯಿತು. ಫಿನ್ಲೆಂಡಿನ ವೊಲ್ಮಾರಿ ಈಸೊ-ಹೊಲ್ಲೊ ಬಹಳ ಮುಂದಿದ್ದುದರಿಂದ ಅವರ ಚಿನ್ನಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಗಡಿಯಾರ ಮಾತ್ರ 10:33.4 ತೋರಿಸಿತು. ಪೆಟ್ಟು ಬಿದ್ದದ್ದು ಅಮೆರಿಕದ ಜೋ ಮೆಕ್ಲಸ್ಕಿ ಅವರಿಗೆ. 3000 ಮೀಟರ್ ಮುಗಿಯಬೇಕಾದ ಜಾಗದಲ್ಲಿ ಎರಡನೆಯವರಾಗಿದ್ದ ಅವರನ್ನು ಹೆಚ್ಚುವರಿ ಸುತ್ತಿನಲ್ಲಿ ಬ್ರಿಟನ್ನಿನ ಟಾಮ್ ಇವೆನ್ಸನ್ ಹಿಂದಿಕ್ಕಿದರು. ಫಲಿತಾಂಶವನ್ನು ಬದಲಿಸಲಿಲ್ಲ: ಇವೆನ್ಸನ್‌ಗೆ ಬೆಳ್ಳಿ, ಮೆಕ್ಲಸ್ಕಿಗೆ ಕಂಚು. ಈಸೊ-ಹೊಲ್ಲೊ 1936ರಲ್ಲಿ ಬರ್ಲಿನ್‌ನಲ್ಲಿ ಸರಿಯಾದ ದೂರವನ್ನೇ ಓಡಿ 9:03.8ರಲ್ಲಿ ಮತ್ತೊಮ್ಮೆ ಚಿನ್ನ ಗೆದ್ದರು.